ಅಗಲ ಲೆನ್ಸೋ, ಜೂಮೋ?

ಗಜೇಂದ್ರಗಡದಿಂದ ಸೂಡಿಗೆ ಹೊರಟಾಗ ಗೆಳೆಯನ 10-18 ಎಂಎಂ ಲೆನ್ಸ್ ಕಡ ತಂದಿದ್ದೆ. ನಾಗಕುಂಡದೊಳಗೆ ನನ್ನ 18-55ಕ್ಕೆ ಅರ್ಧವೇ ಸಿಗುತ್ತಿತ್ತು, ಹಿಂದೆ ಸರಿಯೋಣವೆಂದರೆ ಗೋಡೆ. ಇದರಲ್ಲಿ ಮೆಟ್ಟಿಲು, ಗೂಡು ಎಲ್ಲಾ ಬಂತು. ಕೊಂಡೇಬಿಡೋಣ ಅನ್ನಿಸಿತು.

ಅದೇ ಹುಮ್ಮಸ್ಸಿನಲ್ಲಿ ಜೋಡುಕಳಸದ ಗುಡಿ ಮುಂದೆ ಮನೆಮಂದೀನ ನಿಲ್ಲಿಸಿ ತೆಗೆದೆ. ತುದಿಗೆ ನಿಂತ ಅವ್ವನ ಮುಖ ಅಡ್ಡಕ್ಕೆ ಹಿಗ್ಗಿತ್ತು. "ಇದೇನೋ, ನನ್ನ ಮಾರಿ ಕುಂಬಳಕಾಯಿ ಆಗೈತಲ್ಲ!" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ರಜೆ ಮುಗಿಸಿ ಮಿಲಿಟರಿಗೆ ಹೊರಟ ತಮ್ಮನೂ ಇದ್ದ ಫೋಟೋ ಅದೊಂದೇ.

ಅಗಲ ಲೆನ್ಸಿನ ಅಂಚಿನಲ್ಲಿ ಮುಖ ಹಿಗ್ಗುತ್ತದೆ. ಅವ್ವನ್ನ ನಡುವೆ ನಿಲ್ಲಿಸಬೇಕಿತ್ತು. ಕಲ್ಲುಗುಡಿಗೆ ಅದು ಚೆಂದ, ಮಂದಿಗೆ ನನ್ನ ಹಳೆಯ ಜೂಮೇ. ಕೊಳ್ಳುವುದು ಬಿಟ್ಟೆ. ತಮ್ಮ ಮತ್ತೆ ರಜೆಗೆ ಬರಲಿ, 35ಕ್ಕಿಟ್ಟು ನಾಕು ಹೆಜ್ಜೆ ಹಿಂದೆ ಸರಿದು ತೆಗೀತೀನಿ.