ಮೋಡಕ್ಕೇರುವ ದಾರಿ ಇಕ್ಕಟ್ಟು

ಆನ್‌ಲೈನ್ ಪಾಠದ ನಡುವೆ ಚಿತ್ರ ಹಠಾತ್ತನೆ ನಿಂತುಬಿಡುತ್ತದೆ. ಮಗ ಇಂಟರ್‌ನೆಟ್ ಕಂಪನಿಯನ್ನು ಬೈಯುತ್ತಾನೆ. ಅಪ್ಪ ಇನ್ನೂ ಹೆಚ್ಚು ವೇಗದ ಸಂಪರ್ಕಕ್ಕೆ ಹಣ ಕಟ್ಟಲು ಹೊರಡುತ್ತಾರೆ. ಆದರೆ ಅಡಚಣೆ ಎಷ್ಟೋ ಸಲ ಮನೆಯೊಳಗೇ ಇರುತ್ತದೆ: ಮದುವೆ ಮುಗಿಸಿ ಬಂದ ಅಮ್ಮನ ಮೊಬೈಲು ಯಾರಿಗೂ ಹೇಳದೆ ನೂರಾರು ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿರುತ್ತದೆ.

ಕ್ಲೌಡ್ ಎಂದರೆ ಹೆಸರಿಗಷ್ಟೇ ಮೋಡ. ನಿಜವಾಗಿ ಅದು ದೂರದ ಊರಿನಲ್ಲಿ ಸಾಲಾಗಿ ಜೋಡಿಸಿಟ್ಟ ಕಂಪ್ಯೂಟರುಗಳ ಉಗ್ರಾಣ. ಅಲ್ಲಿಂದ ಮನೆಗೆ ಮಾಹಿತಿ ಇಳಿಯುವ ದಾರಿ ಒಂದು, ಮನೆಯಿಂದ ಅಲ್ಲಿಗೆ ಏರುವ ದಾರಿ ಇನ್ನೊಂದು. ಎರಡೂ ಸಮನಾಗಿರಬೇಕಲ್ಲವೇ? ಹಾಗೇನಿಲ್ಲ. ದೂರವಾಣಿ ತಂತಿಯಲ್ಲೇ ಇಂಟರ್‌ನೆಟ್ ಹರಿಸಿದ ಎಡಿಎಸ್ಎಲ್ ತಂತ್ರದ ಹೆಸರಿನ ಮೊದಲ ಅಕ್ಷರದ ಅರ್ಥವೇ 'ಅಸಮ' ಎಂದು. 1999ರ ಅಂತಾರಾಷ್ಟ್ರೀಯ ಮಾನಕದಲ್ಲಿ ಏರುದಾರಿಗೆ ಸಿಕ್ಕದ್ದು ಸುಮಾರು 26ರಿಂದ 138 ಕಿಲೋಹರ್ಟ್ಸ್. ಇಳಿದಾರಿಗೆ ಅಲ್ಲಿಂದ 1104 ಕಿಲೋಹರ್ಟ್ಸ್‌ವರೆಗೆ! ಮನೆಯ ಮಂದಿ ಓದುವವರು, ನೋಡುವವರು. ಅವರು ಕಳಿಸುವುದು ಎಲ್ಲೋ ಒಂದು ಇ-ಮೇಲ್ ಎಂಬ ಲೆಕ್ಕ ಅದು. ಆ ಕಾಲಕ್ಕೆ ಸರಿಯಾದ ಲೆಕ್ಕವೇ.

ಅದು ತಲೆಕೆಳಗಾದದ್ದು 2008ರಲ್ಲಿ ಡ್ರಾಪ್‌ಬಾಕ್ಸ್, 2011ರಲ್ಲಿ ಐಕ್ಲೌಡ್, 2015ರಲ್ಲಿ ಗೂಗಲ್ ಫೋಟೋಸ್ ಬಂದು ಪ್ರತಿ ಮನೆಯೂ ಕಳಿಸುವ ಮನೆಯಾದಾಗ. 500 ಮೆಗಾಬೈಟಿನ ವಿಡಿಯೊ ಸೆಕೆಂಡಿಗೆ 8 ಮೆಗಾಬಿಟ್ ವೇಗದಲ್ಲಿ ಒಂಬತ್ತು ನಿಮಿಷದೊಳಗೆ ಇಳಿಯುತ್ತದೆ. ಅದನ್ನೇ 1 ಮೆಗಾಬಿಟ್ಟಿನ ಏರುದಾರಿಯಲ್ಲಿ ಕಳಿಸಲು ಒಂದು ಗಂಟೆಗೂ ಮೇಲೆ ಬೇಕು. (ಒಂದು ಬೈಟಿಗೆ 8 ಬಿಟ್, ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.)

ಸರಿ, ಏರುದಾರಿ ತುಂಬಿದರೆ ಇಳಿದು ಬರುವ ಪಾಠವೇಕೆ ನಿಲ್ಲಬೇಕು? ಗುಟ್ಟು ರಸೀದಿಯಲ್ಲಿದೆ. ಮುದ್ರಿತ ಪಾಠದ ವಿಡಿಯೊ ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಹಿಂದೆ ರಿಜಿಸ್ಟರ್ಡ್ ಅಂಚೆಗೆ ಸಹಿ ಹಾಕಿ ಚೀಟಿ ಹಿಂದಿರುಗಿಸುತ್ತಿದ್ದಂತೆ, 'ತಲುಪಿತು' ಎಂಬ ಸ್ವೀಕೃತಿಯನ್ನು ಕಂಪ್ಯೂಟರು ಏರುದಾರಿಯಲ್ಲಿ ಕಳಿಸುತ್ತಿರಬೇಕು. ರೂಟರಿನ ಬಾಗಿಲಲ್ಲಿ ಮದುವೆ ಫೋಟೊಗಳ ಸರದಿ ಇದ್ದರೆ ಈ ಪುಟ್ಟ ಚೀಟಿಯೂ ಅದರ ಹಿಂದೆಯೇ ನಿಲ್ಲಬೇಕು. ಚೀಟಿ ಬಾರದೆ ಅತ್ತಲಿಂದ ಮುಂದಿನ ಕಂತು ಹೊರಡದು. ನೇರ ಪಾಠವಾದರೆ ವಿದ್ಯಾರ್ಥಿಯ ಧ್ವನಿ, ಮುಖ ಎರಡೂ ಅದೇ ಸರದಿಯಲ್ಲಿ! ಮೆಮೊರಿ ಅಗ್ಗವಾಯಿತೆಂದು ರೂಟರುಗಳಲ್ಲಿ ಸರದಿಯ ಜಾಗವನ್ನು ಅತಿಯಾಗಿ ಬೆಳೆಸಿದ್ದು ಕೇಡನ್ನು ಹೆಚ್ಚಿಸಿತು. ಅಮೆರಿಕದ ಜಿಮ್ ಗೆಟಿಸ್ 2010ರಲ್ಲಿ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಪತ್ತೆ ಹಚ್ಚಿದರು. 'ಬಫರ್‌ಬ್ಲೋಟ್' ಎಂಬ ಹೆಸರು ಬಳಕೆಗೆ ಬಂದದ್ದು ಆಗ.

ಆಪ್ಟಿಕಲ್ ಫೈಬರ್ ಬಂದ ಮನೆಗಳಲ್ಲಿ ಬಿಗಿ ಸಡಿಲಿದೆ. ಆದರೂ ಸಂಪರ್ಕ ಕೊಳ್ಳುವಾಗ ದಪ್ಪಕ್ಷರದಲ್ಲಿರುವ ಡೌನ್‌ಲೋಡ್ ವೇಗವನ್ನಷ್ಟೇ ನೋಡದೆ ಅಪ್‌ಲೋಡ್ ವೇಗ ಎಷ್ಟೆಂದು ಕೇಳುವುದು ಒಳ್ಳೆಯದು. ಈಗಿರುವ ಸಂಪರ್ಕಕ್ಕೆ ಹೆಚ್ಚು ಹಣ ಸುರಿಯುವ ಮೊದಲು, ಒಂದು ಸಂಜೆ ಪಾಠದ ಹೊತ್ತಿಗೆ ಮನೆಯ ಎಲ್ಲ ಫೋನುಗಳ ಬ್ಯಾಕಪ್ ನಿಲ್ಲಿಸಿ ನೋಡಿ. ಮಲಗುವಾಗ ಮತ್ತೆ ಚಾಲೂ ಮಾಡಿದರಾಯಿತು, ಫೋಟೊಗಳಿಗೇನೂ ಅವಸರವಿಲ್ಲ.