ಧೂಳಿನ ಪ್ರತಾಪ

ದಿಲ್ಲಿಯಲ್ಲಿ ನೆಲೆಸಿದ ಕನ್ನಡಿಗನಿಗೆ ಋತುಗಳು ಆರಲ್ಲ, ಮೂರು: ಚಳಿ, ಬಿಸಿಲು ಮತ್ತು ಧೂಳು. ಮೇ ತಿಂಗಳ ಒಂದು ಸಂಜೆ ‘ಆಂಧಿ’ ಎದ್ದಿತೆಂದರೆ, ಮುಚ್ಚಿದ ಕಿಟಕಿಯ ಸಂದಿಯಿಂದಲೂ ನುಸುಳಿದ ಧೂಳು ಹಾಸಿಗೆಯ ಮೇಲೆ, ಹಾಲಿನ ಪಾತ್ರೆಯ ಮುಚ್ಚಳದ ಮೇಲೆ, ದೇವರ ಪಟದ ಮೇಲೆ ಭೇದಭಾವವಿಲ್ಲದೆ ಕೂರುತ್ತದೆ. ಈ ಧೂಳು ನಮ್ಮ ಮನೆಯ ಕನ್ನಡ ಪಾಠವನ್ನೇ ನಿಲ್ಲಿಸಿದ ಸಂಗತಿಯನ್ನು ಈ ಸಲ ವಾಚಕರ ಮುಂದಿಡುತ್ತೇನೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಹಿಂದಿ, ಇಂಗ್ಲಿಷು. ಮನೆಯಲ್ಲಿ ಕನ್ನಡ, ಅದೂ ಬರಿಯ ಮಾತು. ಅಕ್ಷರ ಕಲಿಸುವ ಭಾರವನ್ನು ಧಾರವಾಡದಲ್ಲಿರುವ ನಮ್ಮ ಅವ್ವ ಹೊತ್ತುಕೊಂಡಿದ್ದಾಳೆ. ರವಿವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಮೊಮ್ಮಗಳು. ಅಲ್ಲಿ ನನ್ನ ತಮ್ಮನ ಫೋನಿನ ಮುಂದೆ ಪಾಟಿ ಹಿಡಿದ ಅಜ್ಜಿ.

ಹೋದ ಮೇ ತಿಂಗಳಲ್ಲಿ ಪಾಠ ‘ಳ’ಕಾರಕ್ಕೆ ಬಂದಿತ್ತು. ದಿಲ್ಲಿಯಲ್ಲಿ ಬೆಳೆದ ಮಕ್ಕಳ ನಾಲಿಗೆಗೆ ಈ ಅಕ್ಷರ ಸುಲಭಕ್ಕೆ ಒಗ್ಗದು. ನಮ್ಮವಳು ಬಾಳೆಹಣ್ಣನ್ನು ‘ಬಾಲೆಹಣ್ಣು’ ಎನ್ನುತ್ತಾಳೆ. ಅಜ್ಜಿ ನಾಲಿಗೆ ಮಡಿಸಿ ತೋರಿಸುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರು ಗೊರ್ರೆಂದು ಸದ್ದು ಮಾಡಿ ಕಣ್ಣು ಮುಚ್ಚಿತು. ಮರುಕ್ಷಣವೇ ಅವ್ವನ ಫೋನು: “ಏನಾತಪಾ? ಎಲ್ಲಾರೂ ಆರಾಮ ಇದ್ದೀರಿಲ್ಲೊ?”

ಮುಂದಿನ ಎರಡು ರವಿವಾರವೂ ಇದೇ ಕಥೆ. ಇಪ್ಪತ್ತು ನಿಮಿಷಕ್ಕೆ ಯಂತ್ರಕ್ಕೆ ನಿದ್ದೆ. ಕಡೆಗೆ ಮಗಳು, “ಅಪ್ಪಾ, ನಿಮ್ಮ ಫೋನಿನಾಗ ಒತ್ತಕ್ಷರ ಕಾಣೂದಿಲ್ಲ. ಕನ್ನಡ ಆಮೇಲೆ ಕಲೀತೀನಿ” ಎಂದಳು. ಆ ‘ಆಮೇಲೆ’ ನನ್ನನ್ನು ಚುಚ್ಚಿತು. ಊರು ಬಿಟ್ಟವರ ಮನೆಯಲ್ಲಿ ಈ ‘ಆಮೇಲೆ’ ಎಂಬುದು ಬಂದದ್ದು ಅಪರೂಪವೆಂದು ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಪೆಟ್ಟಿಗೆಯನ್ನು ಅಂಗಡಿಗೆ ಹೊತ್ತೆ. ಅಂಗಡಿಯವನು ಅದನ್ನು ತೆರೆದೂ ನೋಡದೆ, “ಮದರ್‌ಬೋರ್ಡ್ ಹೋಗಿದೆ, ಆರು ಸಾವಿರ” ಎಂದ. ತಿಂಗಳ ಕೊನೆಯ ವಾರದ ಗುಮಾಸ್ತನಿಗೆ ಆ ಮಾತು ಸಾಕು. ಹೊತ್ತಂತೆಯೇ ಹಿಂದಕ್ಕೆ ತಂದೆ. ಮನೆಯಾಕೆ ನೋಡಿ ಹೇಳಿದಳು: “ಪ್ರತಿ ಆಯುಧಪೂಜಿಗೂ ಇದಕ್ಕ ಕುಂಕುಮ ಹಚ್ಚತೀವಿ. ಒಳಗ ಏನದ ಅಂತ ಒಮ್ಮೆರೆ ನೋಡೀವೇನ್ರೀ?”

ನಮ್ಮ ಕಚೇರಿಯ ಕಂಪ್ಯೂಟರ್ ವಿಭಾಗದ ಗೆಳೆಯರೊಬ್ಬರನ್ನು ಕೇಳಿಕೊಂಡು, ಪಕ್ಕದ ಎರಡು ಸ್ಕ್ರೂ ಬಿಚ್ಚಿ ತಗಡು ಸರಿಸಿದೆ. ಒಳಗೆ ಬೂದು ಬಣ್ಣದ ಕಂಬಳಿಯೇ ಹಾಸಿತ್ತು! ಗೆಳೆಯರು ವಿವರಿಸಿದರು: ಲೆಕ್ಕ ಮಾಡುವ ಪ್ರೊಸೆಸರು ದುಡಿದಷ್ಟೂ ಕಾಯುತ್ತದೆ. ಆ ಕಾವು ಅದರ ಮೇಲಿನ ಅಲ್ಯೂಮಿನಿಯಮ್ ಹಲ್ಲುಗಳಿಗೆ ಏರುತ್ತದೆ. ಫ್ಯಾನು ಗಾಳಿ ಬೀಸಿ ಅದನ್ನು ಹೊರಗಟ್ಟುತ್ತದೆ. ಹಲ್ಲುಗಳ ಸಂದಿಯಲ್ಲಿ ಧೂಳು ತುಂಬಿದರೆ ಗಾಳಿಗೆ ದಾರಿಯಿಲ್ಲ. ಕಾವು ನೂರು ಡಿಗ್ರಿಯ ಸಮೀಪಕ್ಕೆ ಹೋದರೆ ಯಂತ್ರ ಮೊದಲು ನಿಧಾನಿಸುತ್ತದೆ, ಆಮೇಲೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ನಾವು ರೋಗವೆಂದು ತಿಳಿದದ್ದು ಅದರ ವಿವೇಕ!

ಸ್ವಚ್ಛ ಮಾಡುವ ಕ್ರಮ ಕಷ್ಟದ್ದಲ್ಲ. ಮೊದಲು ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು. ಆಮೇಲೆ ಪೆಟ್ಟಿಗೆಯ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದರೆ ಉಳಿದ ವಿದ್ಯುತ್ತು ಇಳಿಯುತ್ತದೆ. ಮೈಯಲ್ಲಿನ ಸ್ಥಿರವಿದ್ಯುತ್ತು ಭಾಗಗಳನ್ನು ಸುಡಬಾರದೆಂದು ಪೆಟ್ಟಿಗೆಯ ಲೋಹದ ಮೈಯನ್ನು ಮುಟ್ಟಿ ಕೆಲಸ ಶುರುಮಾಡಬೇಕು. ಚಿತ್ರ ಬರೆಯುವ ಮೆತ್ತನೆಯ ಬ್ರಷ್ಷಿನಿಂದ ಧೂಳು ಸಡಿಲಿಸಿ, ಕೈಪಂಪಿನಿಂದಲೋ ಬ್ಲೋವರಿನಿಂದಲೋ ಊದಬೇಕು. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಬೇಕು, ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಕೆಡಬಹುದು. ಅಲ್ಯೂಮಿನಿಯಮ್ ಹಲ್ಲುಗಳ ಗಟ್ಟಿಯನ್ನು ಕೀಳಬಾರದು. ಕಿತ್ತರೆ ಅದರಡಿಯ ಲೇಪವನ್ನು ಹೊಸದಾಗಿ ಹಚ್ಚಬೇಕಾಗುತ್ತದೆ. ವಿದ್ಯುತ್ ಒದಗಿಸುವ ಹಿಂದಿನ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಅಪಾಯದ ವಿದ್ಯುತ್ತು ಉಳಿದಿರುತ್ತದೆ. ಹೊರಗಿನ ತೂತುಗಳಿಂದ ಊದಿದರೆ ಸಾಕು.

ಇನ್ನೊಂದು ತಪ್ಪು ನನ್ನದೇ. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಬೆನ್ನನ್ನು ಗೋಡೆಗೆ ಒತ್ತರಿಸಿ, ಮೇಲೆ ಅವ್ವ ಕಳಿಸಿದ ಕಸೂತಿ ಹೊದಿಕೆಯನ್ನು ಹೊದಿಸಿ, ಹಾಗೆಯೇ ನಡೆಸುತ್ತಿದ್ದೆ. ಈಗ ಅದು ಮೇಜಿನ ಮೇಲಿದೆ, ಗೋಡೆಯಿಂದ ಒಂದು ಗೇಣು ದೂರ. ಹೊದಿಕೆ ಯಂತ್ರ ಮಲಗಿದಾಗ ಮಾತ್ರ.

ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಧೂಳು ತೆಗೆಯುವುದೆಂದು ಮನೆಯಲ್ಲಿ ಠರಾವಾಗಿದೆ. ನೂರು ರೂಪಾಯಿಯೂ ಖರ್ಚಾಗಲಿಲ್ಲ.

ಆ ರವಿವಾರ ಒಂದು ತಾಸು ಪಾಠ ನಡೆಯಿತು, ಯಂತ್ರ ತೂಕಡಿಸಲಿಲ್ಲ. “ಳ ಇರೋ ಒಂದು ಶಬ್ದ ಬರಿ ನೋಡೋಣು” ಎಂದಳು ಅಜ್ಜಿ. ಮಗಳು ನನ್ನ ಮುಖ ನೋಡಿ ನಕ್ಕು, ದುಂಡಗೆ ‘ಧೂಳು’ ಎಂದು ಬರೆದಳು. ಓದುವಾಗ ಮಾತ್ರ ‘ಧೂಲು’ ಎಂದೇ ಓದಿದಳು. ಅದನ್ನು ತೆಗೆಯಲು ಬ್ರಷ್ಷು ಸಾಲದು, ಇನ್ನೂ ಕೆಲವು ರವಿವಾರಗಳು ಬೇಕು.