ಪಾಲಿಕೆಗೆ ಮತ ನೀಡುವವರಾರು?

2026ನೆಯ ಇಸವಿಯ ಜನವರಿ 15ರಂದು ಬೃಹನ್ಮುಂಬಯಿ ಮಹಾನಗರಪಾಲಿಕೆಯ 227 ಸ್ಥಾನಗಳಿಗೆ ಚುನಾವಣೆ ನಡೆಯಿತು. ಅದರ ಹಿಂದಿನ ಚುನಾವಣೆ ನಡೆದದ್ದು 2017ರ ಫೆಬ್ರವರಿಯಲ್ಲಿ. ಆಗ ಆರಿಸಲ್ಪಟ್ಟ ಸಭೆಯ ಅವಧಿ 2022ರ ಮಾರ್ಚಿನಲ್ಲಿ ತೀರಿದ ತರುವಾಯ, ವಾರ್ಡುಗಳ ವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ ಮೊದಲಾದ ವ್ಯಾಜ್ಯಗಳ ನಡುವೆ, ಜನರಿಂದ ಆಯ್ಕೆಯಾದ ಒಬ್ಬ ಪ್ರತಿನಿಧಿಯೂ ಇಲ್ಲದೆ, ಸುಮಾರು ನಾಲ್ಕು ವರ್ಷಗಳ ಪರ್ಯಂತ ಈ ಮಹಾನಗರವು ಆಡಳಿತಾಧಿಕಾರಿಯ ಕೈಯಲ್ಲೇ ಉಳಿಯಿತು. 2025-26ರ ಆಯವ್ಯಯದಲ್ಲಿ 74,427 ಕೋಟಿ ರೂಪಾಯಿಗಳ ಲೆಕ್ಕವನ್ನು ತೋರಿಸಿದ, ಭಾರತದಲ್ಲೇ ಅತ್ಯಂತ ಧನಾಢ್ಯವಾದ ಈ ಪೌರಸಂಸ್ಥೆಗೆ ಚುನಾವಣೆ ನಡೆಸಿರೆಂದು ಸರ್ವೋಚ್ಚ ನ್ಯಾಯಾಲಯವೇ ಆಜ್ಞಾಪಿಸಬೇಕಾಯಿತು. ಇಷ್ಟಾದ ಮೇಲೆ ಒದಗಿಬಂದ ಆ ದಿನ ಮತಗಟ್ಟೆಗೆ ಬಂದವರು ನೂರಕ್ಕೆ ಸುಮಾರು 53 ಮಂದಿ. 2017ರಲ್ಲಿ ಅದು 55ರ ಆಸುಪಾಸಿನಲ್ಲಿತ್ತು. 2012ರಲ್ಲಿ ಅರ್ಧಕ್ಕಿಂತಲೂ ಕಡಿಮೆ.

ಬಾರದೆ ಉಳಿದವರನ್ನು ಆಲಸಿಗಳೆಂದು ಹಳಿಯುವುದು ವರ್ತಮಾನಪತ್ರಿಕೆಗಳ ರೂಢಿಯಾಗಿದೆ. ಈ ನಿಂದೆಯಲ್ಲಿ ವಿಚಾರವು ಕಡಿಮೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ದಹಿಸರದಿಂದಲೋ ಮುಲುಂಡದಿಂದಲೋ ಲೋಕಲ್ ಗಾಡಿಯಲ್ಲಿ ನಿಂತೇ ಪ್ರಯಾಣಮಾಡಿ ದುಡಿಯುವ ಜನರಿಂದ ತುಂಬಿದ ಈ ಪ್ರಾಂತಕ್ಕೆ ಆಲಸ್ಯವು ಸಹಜಗುಣವೆಂದು ಯಾರು ತಾನೇ ಒಪ್ಪಿಯಾರು? ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1957ರ ತನ್ನ ಗ್ರಂಥದಲ್ಲಿ ಇದಕ್ಕೆ ಪ್ರತಿಯಾಗಿ ಬೇರೊಂದು ಲೆಕ್ಕವನ್ನು ಮುಂದಿಟ್ಟನು: ಸಾವಿರಾರು ಮತಗಳ ನಡುವೆ ಒಂದು ಮತದಿಂದ ಫಲಿತಾಂಶ ಬದಲಾಗುವ ಸಂಭವ ಅತ್ಯಲ್ಪವಾದುದರಿಂದ, ಕೇವಲ ಲಾಭನಷ್ಟಗಳನ್ನು ತೂಗಿನೋಡುವವನಿಗೆ ಮತಗಟ್ಟೆಯ ದಾರಿಯೇ ನಷ್ಟವೆಂದು ತೋರುವುದು. ಈ ಲೆಕ್ಕಕ್ಕೂ ಅಪವಾದಗಳಿಲ್ಲದೆ ಇಲ್ಲ. 2017ರಲ್ಲಿ ದಕ್ಷಿಣ ಮುಂಬಯಿಯ 220ನೆಯ ವಾರ್ಡಿನಲ್ಲಿ ಇಬ್ಬರು ಅಭ್ಯರ್ಥಿಗಳಿಗೆ ಸರಿಸಮನಾಗಿ ಮತಗಳು ಬಿದ್ದು, ಕಡೆಗೆ ಚೀಟಿ ಎತ್ತಿ ಗೆದ್ದವನನ್ನು ನಿರ್ಣಯಿಸಬೇಕಾಯಿತು. ನಮ್ಮ ಕರ್ನಾಟಕದ ಸಂತೇಮರಹಳ್ಳಿಯಲ್ಲಿ 2004ರ ವಿಧಾನಸಭಾ ಚುನಾವಣೆಯು ಒಂದೇ ಮತದ ಅಂತರದಿಂದ ತೀರ್ಮಾನವಾಯಿತು. ಆದರೂ ಇಂತಹ ಅಪರೂಪದ ಪ್ರಸಂಗಗಳನ್ನು ನೆನೆದು ಯಾರೂ ಮತ ಹಾಕಲು ಹೊರಡುವುದಿಲ್ಲ. ಅರ್ಧದಷ್ಟು ಜನ ಈ ಲೆಕ್ಕವನ್ನು ಮೀರಿ ಬರುತ್ತಾರಲ್ಲ, ಅವರನ್ನು ಮನೆಯಿಂದ ಹೊರಡಿಸುವ ಶಕ್ತಿ ಯಾವುದು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ನಮ್ಮ ಪೌರಾಡಳಿತಕ್ಕೆ ಮಾದರಿಯಾದ ಇಂಗ್ಲೆಂಡಿನತ್ತ ಒಮ್ಮೆ ನೋಡಬಹುದು. ಅಲ್ಲಿ ಸ್ಥಳೀಯ ಚುನಾವಣೆಗಳು ಪ್ರತ್ಯೇಕವಾಗಿ ನಡೆದ ವರ್ಷಗಳಲ್ಲಿ ಮತದಾರರಲ್ಲಿ ಸರಿಸುಮಾರು ಮೂರರಲ್ಲೊಂದು ಪಾಲು ಮಾತ್ರ ಬರುವುದು ಸಾಮಾನ್ಯ. ಸ್ಥಳೀಯ ಸಭೆಗಳ ಹಣಕಾಸಿನ ಮೇಲೆ ಲಂಡನ್ನಿನ ಸರಕಾರದ ಹಿಡಿತ ಬಲವಾದಂತೆಲ್ಲ, ತಮ್ಮ ಊರಿನ ಸಭೆಯಿಂದ ಆಗುವುದು ಅಷ್ಟಕ್ಕಷ್ಟೇ ಎಂಬ ಭಾವನೆ ಅಲ್ಲಿಯ ಜನರಲ್ಲಿ ಬೇರೂರಿತು. ಆದರೆ ಸ್ಥಳೀಯ ಸಭೆಗಳಿಗೆ ಕಟ್ಟಬೇಕಾದ ತಲೆಗಂದಾಯದ ವಿವಾದವು ಭುಗಿಲೆದ್ದ 1990ರಲ್ಲಿ, ಅದೇ ಜನ ಹಿಂದಿನ ವರ್ಷಗಳಿಗಿಂತ ಗಣನೀಯವಾಗಿ ಹೆಚ್ಚು ಸಂಖ್ಯೆಯಲ್ಲಿ ಮತಗಟ್ಟೆಗೆ ಬಂದರು. ಜನರ ಸ್ವಭಾವವೇನೂ ಆ ಒಂದು ವರ್ಷದಲ್ಲಿ ಬದಲಾಗಿರಲಿಲ್ಲ. ಚುನಾವಣೆಗೆ ಒಂದು ವಿಷಯವು ದೊರಕಿತ್ತು, ಅಷ್ಟೆ.

ಮುಂಬಯಿಯ ಇತಿಹಾಸವೂ ಇದನ್ನೇ ಸೂಚಿಸುತ್ತದೆ. 1872ರ ಕಾಯದೆಯ ಮೇರೆಗೆ ಇಲ್ಲಿ ಮೊದಲ ಬಾರಿಗೆ ಚುನಾವಣೆಯ ಪದ್ಧತಿ ಬಂದಾಗ ಮತಾಧಿಕಾರವಿದ್ದದ್ದು ತೆರಿಗೆ ಕಟ್ಟುವವರಿಗೆ. ತೆತ್ತವನು ಲೆಕ್ಕ ಕೇಳುತ್ತಾನೆಂಬ ತತ್ತ್ವ ಅದು. ಬಡವನನ್ನು ಹೊರಗಿಟ್ಟ ಅನ್ಯಾಯವೂ ಅದರಲ್ಲೇ ಅಡಗಿತ್ತು. ಸ್ವಾತಂತ್ರ್ಯಾನಂತರ ವಯಸ್ಕರೆಲ್ಲರಿಗೂ ಮತಾಧಿಕಾರ ಲಭಿಸಿ ಆ ಅನ್ಯಾಯ ನೀಗಿತು. ಆದರೆ ತೆರಿಗೆಗೂ ಮತಕ್ಕೂ ಇದ್ದ ನಂಟು ಕ್ರಮೇಣ ಸಡಿಲವಾಯಿತು. ಪಾಲಿಕೆಯ ಬೊಕ್ಕಸದ ಮುಖ್ಯ ಆಧಾರವಾಗಿದ್ದ ಆಕ್ಟ್ರಾಯ್, ಎಂದರೆ ನಗರದೊಳಗೆ ಬರುವ ಸರಕಿನ ಮೇಲಿನ ಸುಂಕ, 2017ರ ಜುಲೈಯಲ್ಲಿ ರದ್ದಾಗಿ, ಅದರ ಬದಲಿಗೆ ಸರಕಾರದ ಪರಿಹಾರಧನ ಬಂದಿತು. 500 ಚದರ ಅಡಿಯವರೆಗಿನ ಮನೆಗಳಿಗೆ 2022ರಲ್ಲಿ ಆಸ್ತಿತೆರಿಗೆಯ ವಿನಾಯಿತಿ ದೊರೆಯಿತು. ಸಣ್ಣ ಮನೆಯವರ ಭಾರ ಇಳಿದದ್ದು ಸಂತೋಷವೇ. ಆದರೂ ತನ್ನ ಹಣವೇ ಅಲ್ಲಿ ವ್ಯಯವಾಗುತ್ತಿದೆಯೆಂಬ ಅರಿವು ಪೌರನಲ್ಲಿ ಮಸುಕಾಗದೆ ಇರದು.

ಹಾಗಿದ್ದರೂ ಅಂತಹ ತೆರಿಗೆಯ ಬಿಲ್ಲನ್ನೇ ಕಾಣದ ಜನರೇ ಇಲ್ಲಿ ಹೆಚ್ಚು ಶ್ರದ್ಧೆಯಿಂದ ಮತ ಹಾಕುವವರು. ಕೊಲಾಬಾದಂತಹ ಶ್ರೀಮಂತ ಭಾಗಗಳಲ್ಲಿ ಮತಗಟ್ಟೆಗಳು ಬಣಗುಡುತ್ತಿರುವಾಗ, ಭಾಂಡುಪದಂತಹ ಉಪನಗರಗಳ ಚಾಳುಗಳಿಂದಲೂ ಝೋಪಡಪಟ್ಟಿಗಳಿಂದಲೂ ಬಂದವರ ಸರತಿಸಾಲು ರಸ್ತೆಯವರೆಗೂ ಚಾಚಿರುತ್ತದೆ. ಇದಕ್ಕೆ ಕಾರಣ ದೂರವಿಲ್ಲ. ಸಾರ್ವಜನಿಕ ನಲ್ಲಿಯಲ್ಲಿ ನೀರು ಬಾರದಿದ್ದರೆ, ಗಲ್ಲಿಯ ಶೌಚಾಲಯದ ಬಾಗಿಲು ಮುರಿದರೆ, ಮಳೆಗಾಲದ ಮುಂಚೆ ಗಟಾರದ ಹೂಳು ತೆಗೆಯದಿದ್ದರೆ, ಮನೆಯ ಯಜಮಾನಿತಿ ಹೋಗಿ ನಿಲ್ಲುವುದು ನಗರಸೇವಕನ, ಎಂದರೆ ವಾರ್ಡಿನಿಂದ ಪಾಲಿಕೆಗೆ ಆರಿಸಿಬಂದ ಸದಸ್ಯನ, ಕಚೇರಿಯ ಮುಂದೆ. ಆಕೆಯ ಪಾಲಿಗೆ ಸರಕಾರವೆಂಬುದರ ತೆರೆದಿರುವ ಬಾಗಿಲು ಅದೊಂದೇ. ಸೊಸೈಟಿಯ ಹದಿನೆಂಟನೆಯ ಮಹಡಿಯಲ್ಲಿರುವವನಿಗೋ ನೀರು ಸಾಲದಿದ್ದರೆ ಟ್ಯಾಂಕರು, ಕಾವಲಿಗೆ ವಾಚಮನ್ನು, ರೋಗಕ್ಕೆ ಖಾಸಗಿ ಆಸ್ಪತ್ರೆ, ಮಕ್ಕಳಿಗೆ ಖಾಸಗಿ ಶಾಲೆ; ಪಾಲಿಕೆಯ ಹಂಗೇ ಇಲ್ಲವೆಂಬ ಭಾವದಲ್ಲಿ ಆತನ ದಿನಗಳು ಸಾಗುತ್ತವೆ. ಆತನ ಉದಾಸೀನತೆಯೂ ಒಂದು ವಿಧದ ವಿವೇಚನೆಯೇ. ಆದರೆ ಅದು ಪೂರ್ತಿಯಾಗದ ವಿವೇಚನೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದಾಗ, ಆ ನೀರು ಝೋಪಡಿಯನ್ನೂ ಬಂಗಲೆಯನ್ನೂ ಬೇರೆಬೇರೆಯಾಗಿ ಕಾಣಲಿಲ್ಲ. ಚರಂಡಿಯನ್ನೂ ಗಾಳಿಯ ಧೂಳನ್ನೂ ಖಾಸಗಿಯಾಗಿ ಕೊಂಡುಕೊಳ್ಳುವ ಉಪಾಯ ಇನ್ನೂ ಹುಟ್ಟಿಲ್ಲ.

ಇನ್ನು ನಮ್ಮವರ, ಎಂದರೆ ಮುಂಬಯಿ ಕನ್ನಡಿಗರ, ಮಾತು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಫೋರ್ಟಿನಿಂದ ಮಾಟುಂಗ, ಮಾಟುಂಗದಿಂದ ಮುಲುಂಡ, ದಹಿಸರಗಳವರೆಗೆ ಹಬ್ಬಿ ನೆಲೆಸಿದ, ಸಂಘಸಂಸ್ಥೆಗಳನ್ನು ಕಟ್ಟುವುದರಲ್ಲಿ ಅಸಾಧಾರಣ ಸಾಮರ್ಥ್ಯವನ್ನು ತೋರಿದ ಈ ಸಮಾಜದಲ್ಲಿ, ಮತದಾರರ ಪಟ್ಟಿಯಲ್ಲಿನ ಹೆಸರನ್ನು ಮಾತ್ರ ಊರಿನಲ್ಲೇ ಉಳಿಸಿಕೊಂಡವರು ಈಗಲೂ ಉಂಟು. ಉಡುಪಿಯ ಕಡೆಯ ಚುನಾವಣೆ ಬಂದಾಗ ರಾತ್ರಿಯ ಬಸ್ಸು ಹತ್ತಿ ಹೋಗಿ ಮತ ಹಾಕಿ ಬರುವವರು, ತಾವು ವಾಸಿಸುವ ವಾರ್ಡಿನ ನಗರಸೇವಕನ ಹೆಸರನ್ನೂ ಅರಿಯರು. ಇದನ್ನು ನಾನು ದೂಷಿಸಲಾರೆ. ಕರ್ನಾಟಕದ ಗ್ರಾಮಪಂಚಾಯತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ; ಆತ ನೆರೆಮನೆಯವನು, ಆತನ ತಂದೆಯನ್ನೂ ಬಲ್ಲೆವು. 2020ರ ಪಂಚಾಯತಿ ಚುನಾವಣೆಗಳಲ್ಲಿ ನೂರಕ್ಕೆ 80ರಷ್ಟು ಮತದಾನವಾದದ್ದು ಈ ಪರಿಚಯದ ಬಲದಿಂದ. ಮುಂಬಯಿಯ ವಾರ್ಡಿನಲ್ಲಾದರೋ 2011ರ ಜನಗಣತಿಯ ಪ್ರಕಾರವೇ ಸರಾಸರಿ 50,000ಕ್ಕೂ ಮಿಕ್ಕಿದ ಜನರಿಗೆ ಒಬ್ಬ ಪ್ರತಿನಿಧಿ. ಮನುಷ್ಯನು ತನ್ನನ್ನು ಬಲ್ಲವರ ನಡುವೆ ಮತ ಹಾಕಲಿಚ್ಛಿಸುವುದು ಸ್ವಾಭಾವಿಕ. ಆದರೆ ಆತನ ಮಕ್ಕಳು ಕುಡಿಯುವ ನೀರು ಬರುವುದು ಸ್ವರ್ಣಾ ನದಿಯಿಂದಲ್ಲ, ತಾನ್ಸಾ, ಭಾತ್ಸಾ ಸರೋವರಗಳಿಂದ. ಪಾಲಿಕೆಯು ನಡೆಸುವ ಕನ್ನಡ ಮಾಧ್ಯಮದ ಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಕ್ಷೀಣಿಸುತ್ತಿರುವಾಗ, ಅವುಗಳ ಪರವಾಗಿ ಆ ಸಭೆಯಲ್ಲಿ ಮಾತನಾಡಿರೆಂದು ನಗರಸೇವಕನನ್ನು ಕೇಳುವ ಅಧಿಕಾರ, ಇಲ್ಲಿ ಮತವಿಲ್ಲದವನಿಗೆ ಎಲ್ಲಿಂದ ಬರಬೇಕು?

ಮತದಾರನನ್ನು ಮಾತ್ರ ಎಚ್ಚರಿಸಿದರೆ ಕಾರ್ಯ ಮುಗಿಯಲಿಲ್ಲ. ಇಂದಿಗೂ ಜಾರಿಯಲ್ಲಿರುವ 1888ರ ಕಾಯದೆಯು ಕಾರ್ಯನಿರ್ವಾಹಕ ಅಧಿಕಾರವನ್ನು ಇಟ್ಟಿರುವುದು ಸರಕಾರದಿಂದ ನೇಮಿತನಾದ ಕಮಿಷನರನಲ್ಲಿ. ಮಹಾಪೌರನ ಪದವಿ ಬಹುಮಟ್ಟಿಗೆ ಗೌರವದ ಪದವಿ. ಆದರೆ ಸ್ಥಳೀಯ ಸ್ವಯಮಾಡಳಿತವು ಜನರಿಗೆ ರಾಜಕೀಯ ಶಿಕ್ಷಣದ ಸಾಧನವಾಗಬೇಕೆಂಬುದು ವೈಸರಾಯ್ ಲಾರ್ಡ್ ರಿಪನ್ನನ 1882ರ ನಿರ್ಣಯದ ಮುಖ್ಯ ಆಶಯವಾಗಿತ್ತು. ಐದು ವರ್ಷ ತುಂಬುವ ಮೊದಲೇ ಹೊಸ ಚುನಾವಣೆ ಮುಗಿಯಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ವಿಧಿಸಿದೆ. ಆ ವಿಧಿಯನ್ನು ನಾಲ್ಕು ವರ್ಷಗಳ ಕಾಲ ಬದಿಗಿರಿಸಿದ ಮೇಲೂ ನಗರವು ಹೇಗೋ ನಡೆಯಿತೆಂಬುದನ್ನು ಕಣ್ಣಾರೆ ಕಂಡ ಪೌರನು, ಹಾಗಾದರೆ ನನ್ನ ಪ್ರತಿನಿಧಿ ಇದ್ದರೇನು, ಇಲ್ಲದಿದ್ದರೇನು ಎಂದು ಕೇಳಿದರೆ, ಆತನಿಗೆ ಕರ್ತವ್ಯದ ಉಪದೇಶವು ಉತ್ತರವಾಗಲಾರದು. ಬೆಂಗಳೂರಿನ ಪಾಲಿಕೆಯ ಅವಧಿಯೂ 2020ರ ಸೆಪ್ಟೆಂಬರಿನಲ್ಲಿ ತೀರಿ ಜನಪ್ರತಿನಿಧಿಗಳಿಲ್ಲದೆ ವರ್ಷಗಳು ಕಳೆದುದನ್ನು ಇಲ್ಲಿ ನೆನೆಯಬೇಕು. ಚುನಾವಣೆಯು ಕಾಲಕ್ಕೆ ಸರಿಯಾಗಿ ನಡೆಯಬೇಕು. ಗೆದ್ದವನ ಕೈಯಲ್ಲಿ ಅಧಿಕಾರವಿರಬೇಕು. ಆತನ ಬಳಿಗೆ ಹೋಗುವ ದಾರಿ ಸಾಮಾನ್ಯನಿಗೆ ತಿಳಿದಿರಬೇಕು. ಇವು ಮೂರೂ ಕೂಡಿಬಂದಲ್ಲಿ ಜನ ಮತ ಹಾಕುವರೆಂಬುದು ನನ್ನ ದೃಢವಾದ ನಂಬಿಕೆ.

ಆ ಸುಧಾರಣೆಗಳನ್ನು ಶಾಸನಸಭೆ ಮಾಡಬೇಕು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಒಬ್ಬನ ಹೆಸರು ಎರಡು ಕ್ಷೇತ್ರಗಳ ಪಟ್ಟಿಯಲ್ಲಿರಲು ಕಾನೂನಿನ ಸಮ್ಮತಿಯಿಲ್ಲ, ಮತ್ತು ಪಾಲಿಕೆಯ ಮತದಾರರ ಪಟ್ಟಿಯು ವಿಧಾನಸಭೆಯ ಪಟ್ಟಿಯಿಂದಲೇ ಸಿದ್ಧವಾಗುತ್ತದೆ. ಆದಕಾರಣ, ವರ್ಷಕ್ಕೊಮ್ಮೆ ಊರಿಗೆ ಹೋಗಿಬಂದು ಉಳಿದ ದಿನಗಳನ್ನೆಲ್ಲ ಈ ನಗರದಲ್ಲಿ ಕಳೆಯುವ ಬಂಧುಗಳೇ, 8ನೆಯ ನಮೂನೆಯ ಅರ್ಜಿಯನ್ನು ತುಂಬಿ, ಊರಿನ ಪಟ್ಟಿಯಲ್ಲಿರುವ ನಿಮ್ಮ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಿರಿ.